ಸರಸ್ವತಿಪುರಂನ ಬರವಣಿಗೆ ತರಗತಿ: ಒಂದು ಪ್ಯಾರಾಕ್ಕೆ ಆರು ಭಾನುವಾರ

ಕೆಎಎಸ್ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆಗೆ ತಯಾರಾಗುತ್ತಿರುವ ನಾನು, ಮೈಸೂರಿನ ಸರಸ್ವತಿಪುರಂನ ಮನೆಯೊಂದರ ಮಹಡಿಯಲ್ಲಿ ನಡೆಯುವ ಬರವಣಿಗೆ ತರಗತಿಗೆ ಆರು ಭಾನುವಾರ ಹೋಗಿ ಬಂದೆ. ಶುಲ್ಕ 1,800 ರೂಪಾಯಿ. ಅಲ್ಲಿ ಕಲಿಸುವುದು ಒಂದೇ ಒಂದು ಪ್ಯಾರಾವನ್ನು ವಾದವಾಗಿ ನಿಲ್ಲಿಸುವ ಬಗೆಯನ್ನು. ಆ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಪ್ರತಿಪಾದನೆ, ಪುರಾವೆ, ವ್ಯಾಖ್ಯಾನ ಎಂಬ ಮೂರು ಅಂಗಗಳ ಪಾಠ ಮೊದಲ ಗಂಟೆಯಲ್ಲೇ ಮುಗಿಯಿತು. ಅಷ್ಟು ಯಾವ ಗೈಡಿನಲ್ಲಾದರೂ ಸಿಗುತ್ತದೆ. ಈ ತರಗತಿಯ ನಿಜವಾದ ಬೆಲೆ ಇರುವುದು ತಿದ್ದುವುದರಲ್ಲಿ. ಮಂಡ್ಯದವನಾದ ನಾನು, ನಮ್ಮೂರಿಗೆ ಸಕ್ಕರೆ ಕಾರ್ಖಾನೆ ಬಂದದ್ದು ನಾಲೆಯ ನೀರಿನಿಂದ ಎಂದು ಪ್ರತಿಪಾದಿಸಿ, 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು ಎಂಬ ಪುರಾವೆ ಕೊಟ್ಟು, ‘ಆದ್ದರಿಂದ’ ಎಂದು ಮುಗಿಸಿದ್ದೆ. ಮೇಡಂ ಆ ‘ಆದ್ದರಿಂದ’ಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿದರು. “ಕಾಗೆ ಕೂತದ್ದನ್ನೂ ಹೇಳಿದ್ದೀರಿ, ಟೊಂಗೆ ಮುರಿದದ್ದನ್ನೂ ಹೇಳಿದ್ದೀರಿ. ಕಾಗೆಯ ಭಾರಕ್ಕೇ ಮುರಿಯಿತು ಅನ್ನುವುದನ್ನು ಯಾರು ಹೇಳಬೇಕು?” ಎಂದು ಕೇಳಿದರು.

ಹೇಳಬೇಕಾದದ್ದು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಕಬ್ಬು ಹೆಚ್ಚುಕಡಿಮೆ ಒಂದು ವರ್ಷ ಗದ್ದೆಯಲ್ಲಿ ನಿಲ್ಲುವ ಬೆಳೆಯಾದ್ದರಿಂದ ಮಳೆಯೊಂದನ್ನೇ ನಂಬಿದ ರಾಗಿ ಹೊಲದಲ್ಲಿ ಅದು ಕೈಗೆ ಹತ್ತುವುದಿಲ್ಲ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಸಕ್ಕರೆ ಅಂಶ ಕುಸಿಯುವುದರಿಂದ ಕಾರ್ಖಾನೆ ಗದ್ದೆಗಳಿಗೆ ಹತ್ತಿರವೇ ಇರಬೇಕಾಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಬಲ್ಲ ಈ ಸಂಗತಿಯನ್ನು ಮೌಲ್ಯಮಾಪಕರೂ ಬಲ್ಲರೆಂದುಕೊಂಡು ಬಿಟ್ಟುಬಿಟ್ಟಿದ್ದೆ. ಅದನ್ನು ಬರೆದ ಮೇಲೆ ಪ್ರತಿಪಾದನೆಯೂ ತಗ್ಗಿತು. ಕಾರ್ಖಾನೆಗೆ ಬಂಡವಾಳವೂ ಬೇಕಿತ್ತಲ್ಲ. ಹೀಗಾಗಿ ‘ನೀರಿನಿಂದ ಬಂತು’ ಎಂಬುದು ‘ನೀರಿಲ್ಲದೆ ಬರುತ್ತಿರಲಿಲ್ಲ’ ಎಂದಾಯಿತು. ತಗ್ಗಿದ ಮಾತನ್ನು ಅಲ್ಲಗಳೆಯುವುದು ಮೊದಲಿನದಕ್ಕಿಂತ ಕಷ್ಟ.

ಕೊರತೆಗಳಿವೆ. ಪುರಾವೆಯನ್ನು ಎಲ್ಲಿಂದ ತರಬೇಕು, ಪತ್ರಿಕೆಯ ಅಂಕಿಯನ್ನು ಎಷ್ಟು ನಂಬಬೇಕು ಎಂಬ ಬಗ್ಗೆ ಒಂದು ಮಾತೂ ಬರಲಿಲ್ಲ. ಮೂವತ್ತು ಜನರ ಪುಸ್ತಕಗಳನ್ನು ಒಬ್ಬರೇ ತಿದ್ದುವುದರಿಂದ ನನ್ನ ಮೂರನೆಯ ಕರಡು ಕೈ ಸೇರಿದ್ದು ಕಡೆಯ ಭಾನುವಾರ, “ಇನ್ನೊಮ್ಮೆ ಬರೆದು ತೋರಿಸಿ” ಎಂಬ ಟಿಪ್ಪಣಿಯೊಂದಿಗೆ. ತೋರಿಸಲು ಏಳನೆಯ ಭಾನುವಾರ ಇರಲಿಲ್ಲ.