ಲೊರೀನ್ ನೀಡೆಕರ್ 'ಕಲೆಕ್ಟೆಡ್ ವರ್ಕ್ಸ್': ಯಾವ ಪ್ರತಿ ಕೊಳ್ಳಬೇಕು, ಎಲ್ಲಿಂದ ಓದಬೇಕು

ಲೊರೀನ್ ನೀಡೆಕರ್ ಎಂಬ ಅಮೆರಿಕನ್ ಕವಿಯನ್ನು ಓದಬೇಕೆನ್ನುವವರು ಕೊಳ್ಳಬೇಕಾದ್ದು ಜೆನ್ನಿ ಪೆನ್‌ಬರ್ಥಿ ಸಂಪಾದಿಸಿದ 'ಕಲೆಕ್ಟೆಡ್ ವರ್ಕ್ಸ್'. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೆಸ್ 2002ರಲ್ಲಿ ಇದನ್ನು ತಂದಿತು. ಆದರೆ ಮೊದಲ ಪುಟದಿಂದ ಓದಲು ಕೂತರೆ ಸ್ವಲ್ಪದರಲ್ಲೇ ಮುಚ್ಚಿಡುವ ಸಂಭವ ಹೆಚ್ಚು. ಪುಸ್ತಕ ಕಾಲಾನುಕ್ರಮದಲ್ಲಿದೆ, ಹಾಗಾಗಿ ಮೊದಲು ಎದುರಾಗುವುದು ಆಕೆಯ ಸರ್ರಿಯಲಿಸ್ಟ್ ಪ್ರಯೋಗಗಳು, ಅಂದರೆ ಕನಸಿನ ತರ್ಕದಲ್ಲಿ ಸಾಗುವ ಬರಹ. ಕ್ಯಾಲೆಂಡರಿನ ಹಾಳೆಗಳ ಮೇಲೆ ಕೈಬರಹದ ಚೀಟಿ ಅಂಟಿಸಿ ಮಾಡಿದ ಒಂದು ಕೃತಿಯೂ ಅಲ್ಲಿದೆ. ನೋಡಲು ಮಜವಾಗಿದೆ, ಆದರೆ ಕವಿಯ ಪರಿಚಯ ಅಲ್ಲಿಂದ ಆಗುವುದಿಲ್ಲ.

ಬದುಕಿನ ಕೆಲವು ವಿವರ ಗೊತ್ತಿದ್ದರೆ ಓದು ಸುಲಭ. ನೀಡೆಕರ್ ಹುಟ್ಟಿದ್ದು 1903ರಲ್ಲಿ, ವಿಸ್ಕಾನ್ಸಿನ್‌ನ ಫೋರ್ಟ್ ಅಟ್ಕಿನ್ಸನ್ ಊರಿನಲ್ಲಿ. ಬಾಳಿನ ಬಹುಪಾಲು ಕಳೆದದ್ದು ಅಲ್ಲೇ ಹತ್ತಿರ, ರಾಕ್ ನದಿಯ ನೆರೆ ಮತ್ತೆ ಮತ್ತೆ ನುಗ್ಗುವ ಬ್ಲ್ಯಾಕ್‌ಹಾಕ್ ಐಲೆಂಡ್‌ನಲ್ಲಿ. ತಂದೆ ಬಲೆ ಹಾಕಿ ಕಾರ್ಪ್ ಮೀನು ಹಿಡಿದು ಮಾರುತ್ತಿದ್ದವರು. ತಾಯಿಗೆ ಕಿವಿ ಕೇಳಿಸದಾಯಿತು. ಬೆಲಾಯ್ಟ್ ಕಾಲೇಜಿಗೆ ಸೇರಿದ ಮಗಳು ಎರಡು ವರ್ಷಕ್ಕೇ ಮನೆಗೆ ಮರಳಬೇಕಾಯಿತು. ಮುಂದೆ 'ಹೋರ್ಡ್ಸ್ ಡೈರಿಮನ್' ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಕಣ್ಣು ಕೈಕೊಟ್ಟ ಮೇಲೆ, 1957ರಿಂದ 1963ರವರೆಗೆ, ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಈಕೆ ಕವಿತೆ ಬರೆಯುತ್ತಾರೆಂಬುದು ನೆರೆಹೊರೆಯ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. 1970ರ ಡಿಸೆಂಬರ್ 31ರಂದು ತೀರಿಕೊಂಡರು.

ಈ ಸಂಪುಟದ ನಿಜವಾದ ಬೆಲೆ ಇರುವುದು ಗ್ರಂಥಸಂಪಾದನೆಯಲ್ಲಿ. ನೀಡೆಕರ್ ಬದುಕಿದ್ದಾಗ ಬಂದ ಪುಸ್ತಕಗಳೆಲ್ಲ ತೆಳ್ಳಗಿನವು, ದೂರದೂರದ ಸಣ್ಣ ಪ್ರಕಾಶಕರವು: 'ನ್ಯೂ ಗೂಸ್' 1946ರಲ್ಲಿ ಇಲಿನಾಯ್‌ನಿಂದ, 'ಮೈ ಫ್ರೆಂಡ್ ಟ್ರೀ' 1961ರಲ್ಲಿ ಎಡಿನ್‌ಬರೋದಿಂದ, 'ನಾರ್ತ್ ಸೆಂಟ್ರಲ್' 1968ರಲ್ಲಿ ಲಂಡನ್ನಿನಿಂದ. ಮೊದಲೆರಡರ ನಡುವೆ ಹದಿನೈದು ವರ್ಷ ಒಂದೂ ಇಲ್ಲ. 1985ರಲ್ಲಿ ಜಾರ್ಗನ್ ಸೊಸೈಟಿ ತಂದ ಸಮಗ್ರ ಸಂಪುಟ 'ಫ್ರಮ್ ದಿಸ್ ಕಂಡೆನ್ಸರಿ' ಪಾಠದೋಷಗಳಿಗಾಗಿಯೇ, ಅಂದರೆ ಕವಿ ಬರೆದದ್ದು ತಪ್ಪಾಗಿ ಅಚ್ಚಾದದ್ದಕ್ಕೇ, ಟೀಕೆಗೆ ಗುರಿಯಾಯಿತು. ಹಳೆ ಪುಸ್ತಕದಂಗಡಿಯಲ್ಲಿ ಅದು ಕಂಡರೆ ಸಂಗ್ರಹಕ್ಕೆ ಕೊಳ್ಳಿ, ಉಲ್ಲೇಖಿಸಲು ಬೇಡ. ಮೂರು ಪದದ ಸಾಲಿನಲ್ಲಿ ಒಂದು ಪದ ತಪ್ಪಿದರೆ ಕವಿತೆಯೇ ಬೇರೆಯಾಗುತ್ತದೆ.

ಪೆನ್‌ಬರ್ಥಿ ಹಸ್ತಪ್ರತಿ ಮತ್ತು ಅಚ್ಚಾದ ಪ್ರತಿಗಳನ್ನು ಹೋಲಿಸಿ ಪಾಠ ನಿರ್ಧರಿಸಿದ್ದಾರೆ, ಪಾಠಾಂತರಗಳನ್ನು, ಅಂದರೆ ಒಂದೇ ಕವಿತೆಯ ಬೇರೆಬೇರೆ ರೂಪಗಳನ್ನು, ಕೊನೆಯ ಟಿಪ್ಪಣಿಗಳಿಗೆ ಇಳಿಸಿದ್ದಾರೆ. ಇದರ ಫಲ ಚೆನ್ನಾಗಿ ಕಾಣುವುದು 'ಫಾರ್ ಪಾಲ್' ಭಾಗದಲ್ಲಿ. ಆಕೆಯ ಗೆಳೆಯ, ಕವಿ ಲೂಯಿ ಜುಕೋಫ್ಸ್ಕಿಯ ಮಗ ಪಾಲ್‌ನನ್ನು ಕುರಿತು ಹೆಣೆದ ಮಾಲಿಕೆ ಇದು. ತಮ್ಮ ಮನೆವಾರ್ತೆ ಬಯಲಾಗುವುದು ಜುಕೋಫ್ಸ್ಕಿಗೆ ಒಗ್ಗಲಿಲ್ಲ. ಮಾಲಿಕೆ ಇಡಿಯಾಗಿ ಹೊರಬರಲಿಲ್ಲ. ಹುಡುಗನ ಗುರುತು ಅಳಿಸಿಕೊಂಡ ತುಣುಕುಗಳಷ್ಟೇ ಅಲ್ಲಲ್ಲಿ ಅಚ್ಚಾದವು. ಇಲ್ಲಿ ಮಾಲಿಕೆಯನ್ನು ಒಟ್ಟಾಗಿ ಓದಬಹುದು, ಟಿಪ್ಪಣಿ ನೋಡಿ ಏನೇನು ಕತ್ತರಿಸಲಾಯಿತು ಎಂದು ಎಣಿಸಲೂಬಹುದು. ಕತ್ತರಿಸಿದ್ದರಿಂದ ಎಷ್ಟೋ ಕವಿತೆ ಗಟ್ಟಿಯಾಗಿವೆ ಎಂಬುದನ್ನೂ ಒಪ್ಪಬೇಕು.

ತೊಂದರೆಯೂ ಈ ಟಿಪ್ಪಣಿಗಳಲ್ಲೇ ಇದೆ. ಹಲವು ಕವಿತೆಗಳಿಗೆ ಶೀರ್ಷಿಕೆಯಿಲ್ಲ, ಹುಡುಕಬೇಕಾದರೆ ಮೊದಲ ಸಾಲೇ ಗತಿ. ಹಾಗಾಗಿ ಎರಡು ಪುಟಗುರುತು ಇಟ್ಟುಕೊಳ್ಳಿ, ಒಂದು ಕವಿತೆಗೆ, ಇನ್ನೊಂದು ಟಿಪ್ಪಣಿಗೆ. ಮೊದಲ ಓದಿನಲ್ಲಿ ಟಿಪ್ಪಣಿಯ ಕಡೆಗೆ ತಿರುಗಿಸಲೇಬೇಡಿ.

ಶುರುಮಾಡಬೇಕಾದ್ದು 'ನ್ಯೂ ಗೂಸ್' ಭಾಗದಿಂದ. ಇಂಗ್ಲಿಷ್ ಶಿಶುಪ್ರಾಸದ ಕುಣಿತಕ್ಕೆ ಆರ್ಥಿಕ ಕುಸಿತದ ಕಾಲದ ಹಳ್ಳಿಮಾತು ಕೂಡಿಸಿದ ಪುಟ್ಟ ಪದ್ಯಗಳಿವು, ಜೋರಾಗಿಯೇ ಓದಬೇಕು. ಆಮೇಲೆ 1964ರಲ್ಲಿ ಕೈಯಾರೆ ಬರೆದು ಗೆಳೆಯರಿಗೆ ಉಡುಗೊರೆ ಕೊಟ್ಟ ಪುಸ್ತಿಕೆಗಳ ಕವಿತೆಗಳು. 'ಪೊಯೆಟ್ಸ್ ವರ್ಕ್' ಅಂತೂ ಒಂಬತ್ತು ಸಾಲು, ಹತ್ತೊಂಬತ್ತು ಪದ: ಕಸುಬು ಕಲಿ ಎಂದ ಅಜ್ಜ, ಮೇಜಿನೆದುರು ಕೂತು ಮಾತನ್ನು ಬತ್ತಿಸಲು ಕಲಿತ ಮೊಮ್ಮಗಳು, ಯಾರೂ ಕೆಲಸದಿಂದ ತೆಗೆಯಲಾಗದ ಕಾರ್ಖಾನೆ. ಆ ಕಾರ್ಖಾನೆಗೆ ಕವಿತೆಯಲ್ಲಿರುವ ಪದ 'ಕಂಡೆನ್ಸರಿ', ಹಾಲು ಬತ್ತಿಸಿ ಗಟ್ಟಿಮಾಡುವ ಜಾಗ; ವಿಸ್ಕಾನ್ಸಿನ್ ಹೈನುಗಾರಿಕೆಯ ನಾಡೆಂಬುದು ನೆನಪಿರಲಿ.

ದೀರ್ಘ ಕವಿತೆಗಳಿಗೆ ಹೋಗಬೇಕಾದ್ದು ಆಮೇಲೆ. 'ಪೀಯನ್ ಟು ಪ್ಲೇಸ್' ಐದೈದು ಸಾಲಿನ ನುಡಿಗಳಲ್ಲಿ ನದಿ, ಕೆಸರು, ತಂದೆಯ ಮೀನುಬಲೆ, ತಾಯಿಯ ಕಿವುಡುತನ ಎಲ್ಲವನ್ನೂ ಒಳಗೊಳ್ಳುತ್ತದೆ. ಸಾಲುಗಳು ಬೇರೆಬೇರೆ ಅಂಚಿನಿಂದ ಶುರುವಾಗುತ್ತವೆ, ಉಸಿರು ಎಲ್ಲಿ ನಿಲ್ಲಬೇಕೆಂದು ಹೇಳುವುದು ಆ ಖಾಲಿ ಜಾಗವೇ. ಫೋನಿನಲ್ಲಿ ಅಕ್ಷರ ಹಿಗ್ಗಿಸಿದರೆ ಅಂಚು ಕಲಸಿಹೋಗುತ್ತದೆ, ಆದ್ದರಿಂದ ಅಚ್ಚಿನ ಪ್ರತಿಯೇ ವಾಸಿ. 1966ರಲ್ಲಿ ಗಂಡ ಆಲ್ ಮಿಲ್ಲನ್ ಜೊತೆ ಕಾರಿನಲ್ಲಿ ಸರೋವರ ಸುತ್ತಿ ಬರೆದ 'ಲೇಕ್ ಸುಪೀರಿಯರ್' ಇನ್ನೂ ಬಿಗಿ. ಜೀವಿಯ ಕಣಕಣದಲ್ಲೂ ಒಂದು ಕಾಲಕ್ಕೆ ಬಂಡೆಯಾಗಿದ್ದುದೇ ಇದೆ ಎಂದು ಶುರುವಾಗಿ, ಫ್ರೆಂಚ್ ಅನ್ವೇಷಕ ರಾಡಿಸನ್‌ನನ್ನೂ ಖನಿಜಗಳ ಹೆಸರನ್ನೂ ಒಂದೇ ತೂಕದಲ್ಲಿ ಇಡುತ್ತದೆ. ಇಲ್ಲಿ ಮಾತ್ರ ಟಿಪ್ಪಣಿ ಬಿಟ್ಟರೆ ಅರ್ಧ ಕವಿತೆ ಕೈತಪ್ಪುತ್ತದೆ.

ಕೊನೆಯ 'ಹಾರ್ಪ್ಸಿಕಾರ್ಡ್ ಅಂಡ್ ಸಾಲ್ಟ್ ಫಿಶ್' ಭಾಗದ ಡಾರ್ವಿನ್, ಜೆಫರ್ಸನ್ ಕವಿತೆಗಳು ಅವರವರ ಪತ್ರಗಳಿಂದ ಹೆಕ್ಕಿದ ಮಾತಿನಿಂದ ಕಟ್ಟಿದವು. ಆ ವ್ಯಕ್ತಿಗಳ ಕಥೆ ತಿಳಿದವರಿಗೇ ರುಚಿ. ಗದ್ಯದಲ್ಲಿ 'ಸ್ವಿಚ್‌ಬೋರ್ಡ್ ಗರ್ಲ್' ಓದಿ. ರೇಡಿಯೋ ನಾಟಕಗಳನ್ನು ಬಿಟ್ಟರೂ ನಷ್ಟವಿಲ್ಲ.

ಇಷ್ಟು ದೊಡ್ಡ ಸಂಪುಟ ಭಾರವೆನಿಸಿದರೆ ಕವಿ ಸಿಡ್ ಕೋರ್ಮನ್ ಆಯ್ದ 'ದಿ ಗ್ರಾನೈಟ್ ಪೇಲ್' ಸಾಕು; ಪಾಠಾಂತರ ಸಿಗುವುದಿಲ್ಲ, ಆಯ್ಕೆ ಚೆನ್ನಾಗಿದೆ. ಆಕೆಯ ಪತ್ರಗಳು ಬೇಕಾದವರಿಗೆ 'ಕಲೆಕ್ಟೆಡ್ ವರ್ಕ್ಸ್' ಉಪಯೋಗಕ್ಕೆ ಬಾರದು: ಜುಕೋಫ್ಸ್ಕಿಗೆ ಬರೆದವು ಪೆನ್‌ಬರ್ಥಿಯ 1993ರ ಪುಸ್ತಕದಲ್ಲಿವೆ. ಜೀವನಚರಿತ್ರೆಗೆ ಮಾರ್ಗಟ್ ಪೀಟರ್ಸ್ 2011ರಲ್ಲಿ ತಂದದ್ದಿದೆ. 'ಲೇಕ್ ಸುಪೀರಿಯರ್' ಹಿಡಿಸಿದವರು ವೇವ್ ಬುಕ್ಸ್‌ನ 2013ರ ಪ್ರತಿಯನ್ನೂ ತರಿಸಿಕೊಳ್ಳಿ. ಕವಿತೆಯ ಜೊತೆಗೆ ಆಕೆಯ ಪ್ರವಾಸದ ಬರಹವೂ ಅದರಲ್ಲಿರುವುದರಿಂದ ಏನನ್ನು ಉಳಿಸಿ ಏನನ್ನು ಬಿಟ್ಟರೆಂದು ಪಕ್ಕಪಕ್ಕ ಇಟ್ಟು ನೋಡಬಹುದು.