ಸಣ್ಣ ನೊಣಗಳಿಗೆ 10–40 ಪಟ್ಟು ಹಿಗ್ಗಿಸುವ ಸ್ಟೀರಿಯೊ ಮೈಕ್ರೋಸ್ಕೋಪ್: ಎಲ್ಲಿಯವರೆಗೆ ಸಾಕು?

2–3 ಮಿ.ಮೀ. ಉದ್ದದ ಡ್ರೊಸಾಫಿಲಾ ಜಾತಿಯ ಹಣ್ಣುನೊಣಗಳಿಗೆ ಈ ಜೂಮ್ ಮೈಕ್ರೋಸ್ಕೋಪ್ ಬಹುಮಟ್ಟಿಗೆ ಸಾಕು. 20 ಪಟ್ಟಿಗೇ ಗರಿಯಂತೆ ಕವಲೊಡೆದ ಅರಿಸ್ಟಾ (ಮೀಸೆಯ ಮೇಲಿನ ಬಿರುಗೂದಲು), ರೆಕ್ಕೆಯ ಮುಂದಿನ ಅಂಚಿನ ನರದಲ್ಲಿರುವ ಎರಡು ಬಿರುಕು ಕಾಣುತ್ತವೆ.

ಅಸಲು ಪರೀಕ್ಷೆ ಗಂಡಿನ ಮುಂಗಾಲು. 40 ಪಟ್ಟಿನಲ್ಲಿ ಕಪ್ಪು ಬಾಚಣಿಗೆಯಂಥ ಬಿರುಗೂದಲ ಸಾಲು ಎಣಿಸುವಷ್ಟು ಸ್ಪಷ್ಟ: ಮೆಲನೊಗ್ಯಾಸ್ಟರ್ ಎಂಬ ಪ್ರಭೇದದಲ್ಲಿ ಪಾದದ ಮೊದಲ ಗೆಣ್ಣಿನಲ್ಲಿ ಮಾತ್ರ, ಸುಜುಕಿ ಎಂಬ ಪ್ರಭೇದದಲ್ಲಿ ಮೊದಲೆರಡರಲ್ಲೂ. ರೆಕ್ಕೆಯ ಕಪ್ಪು ಚುಕ್ಕೆಯೊಂದನ್ನೇ ನಂಬಬೇಡಿ. ಕೋಶದಿಂದ ಆಗಷ್ಟೇ ಹೊರಬಂದ ಸುಜುಕಿ ಗಂಡಿನಲ್ಲಿ ಅದು ಇನ್ನೂ ಮೂಡಿರುವುದಿಲ್ಲ. ಹೆಣ್ಣಿನ ಹೊಟ್ಟೆಯ ತುದಿಯನ್ನು ಮೆಲ್ಲಗೆ ಒತ್ತಿದರೆ ಸುಜುಕಿಯ ಗರಗಸದಂಥ ಮೊಟ್ಟೆನಳಿಗೆ ಹೊರಬರುತ್ತದೆ.

ದೊಡ್ಡ ಕೊರತೆ ಬೆಳಕಿನದು. ಮೇಲಿನ ಎಲ್‌ಇಡಿ ಉಂಗುರದಿಂದ ಎದೆಯ ಮೇಲೆ ಬಿಳಿ ಹೊಳಪು ಬಿದ್ದು ಬಿರುಗೂದಲು ಮರೆಯಾಗುತ್ತವೆ. ಟ್ರೇಸಿಂಗ್ ಪೇಪರ್ ಅಡ್ಡ ಹಿಡಿದರೆ ಸರಿಹೋಗುತ್ತದೆ. ರೆಕ್ಕೆಯ ನರಗಳಿಗಾದರೆ ಕೆಳಗಿನ ದೀಪವೇ ಬೇಕು, ಅದಿಲ್ಲದ ಮಾದರಿ ಕೊಳ್ಳಬೇಡಿ. ಮಾದರಿ ನೊಣ 70% ಆಲ್ಕೋಹಾಲಿನಲ್ಲಿ ತೇಲಿ ಉರುಳುತ್ತಿದ್ದರೆ ತಟ್ಟೆಯ ತಳಕ್ಕೆ ತುಸು ಸ್ಯಾನಿಟೈಸರ್ ಜೆಲ್ ಹಾಕಿ ಅದರಲ್ಲಿ ಕೂರಿಸಿ. ಕಣ್ಣಿನ ಬಣ್ಣವನ್ನು ಮೊದಲೇ ಬರೆದಿಟ್ಟುಕೊಳ್ಳಿ, ಆಲ್ಕೋಹಾಲಿನಲ್ಲಿ ಅದು ಮಾಸುತ್ತದೆ.

ಮೆಲನೊಗ್ಯಾಸ್ಟರನ್ನು ಸಿಮ್ಯುಲನ್ಸ್ ಎಂಬ ಇನ್ನೊಂದು ಪ್ರಭೇದದಿಂದ ಬೇರ್ಪಡಿಸಲು ಗಂಡಿನ ಜನನಾಂಗದ ಹಿಂಬದಿಯ ಹಾಲೆಯ ಆಕಾರ ನೋಡಬೇಕು; ಅದಕ್ಕೆ ಸ್ಲೈಡ್ ಮಾಡಿ 100 ಪಟ್ಟಿಗೂ ಮೀರಿದ ಕಾಂಪೌಂಡ್ ಮೈಕ್ರೋಸ್ಕೋಪ್ ಬಳಸುವುದೇ ಲೇಸು.