ಕೈರೋಗೆ ಹೊರಡುವ ಮುಂಚೆ ಅರಬ್ಬಿ: ಆ್ಯಪ್, ಆಡಿಯೋ, ಪುಸ್ತಕ, ಟೀಚರ್, ಮೇಲಿನ ಮನೆಯ ಕಾಕ

ಈಜಿಪ್ಟ್‌ಗೆ ಹೋಗುವ ಮುಂಚೆ ನಾಲ್ಕು ಮಾತು ಅರಬ್ಬಿ ಕಲಿಯೋಣ ಅಂತ ಹೊರಟವರು ಮೊದಲು ಇದನ್ನು ತಿಳಿದುಕೊಳ್ಳಬೇಕು. ‘ಅರಬ್ಬಿ ಕಲಿಯಿರಿ’ ಅಂತ ಸಿಗುವುದರಲ್ಲಿ ಬಹಳಷ್ಟು ಕೈರೋದ ರಸ್ತೆಯಲ್ಲಿ ಯಾರೂ ಆಡದ ಅರಬ್ಬಿ. ಅದಕ್ಕೆ ಫುಸ್‌ಹಾ ಅನ್ನುತ್ತಾರೆ. ವಾರ್ತೆ, ಪತ್ರಿಕೆ, ಪಠ್ಯಪುಸ್ತಕದ ಭಾಷೆ ಅದು. ಮನೆಯಲ್ಲಿ, ಟ್ಯಾಕ್ಸಿಯಲ್ಲಿ, ತರಕಾರಿ ಅಂಗಡಿಯಲ್ಲಿ ಆಡುವುದು ಆಮ್ಮಿಯ್ಯಾ, ಅಂದರೆ ಆಡುಮಾತು. ನಮ್ಮಲ್ಲೂ ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ. ಆದರೆ ಅಲ್ಲಿನ ಅಂತರ ಇದಕ್ಕಿಂತ ಎಷ್ಟೋ ಜಾಸ್ತಿ.

ಕೈರೋ, ಲಕ್ಸರ್ ಸುತ್ತುವುದು ಅಂತ ನಿಶ್ಚಯವಾದ ಮೇಲೆ ನಾನು ಸಿಕ್ಕ ದಾರಿಗಳನ್ನೆಲ್ಲ ಹಿಡಿದು ನೋಡಿದೆ. ನಮ್ಮ ಯಜಮಾನರು ಒಂದನ್ನೂ ಹಿಡಿಯಲಿಲ್ಲ. ‘ನೀನಿದ್ದೀಯಲ್ಲ’ ಅಂದರು.

ನನ್ನ ಅಳತೆಗೋಲು ಇಷ್ಟೇ: ಅಂಗಡಿಯವರು ವಾಪಸ್ ಹೇಳಿದ್ದು ನನಗೆಷ್ಟು ತಿಳಿಯಿತು? ನಮಗೆ ಬೇಕಾದ್ದನ್ನು ಹೇಗೋ ಕೇಳಿಬಿಡಬಹುದು. ಬೆರಳು ತೋರಿಸಿದರೂ ನಡೆಯುತ್ತದೆ. ಅವರ ಉತ್ತರ ಬರುತ್ತದಲ್ಲ, ಅಲ್ಲಿ ನಾವು ಕಣ್ಣು ಕಣ್ಣು ಬಿಡುವುದು.

ಎಲ್ಲರ ಹಾಗೆ ನಾನೂ ಡ್ಯುಯೊಲಿಂಗೊ ಆ್ಯಪ್‌ನಿಂದ ಶುರು ಮಾಡಿದೆ. ಪುಕ್ಕಟೆ, ಬಸ್ಸಿನಲ್ಲಿ ನಿಂತುಕೊಂಡೇ ಮಾಡಬಹುದು. ಅಕ್ಷರಗಳನ್ನು ಒಂದೊಂದಾಗಿ ಚೆನ್ನಾಗಿ ಹೇಳಿಕೊಡುತ್ತದೆ. ಬಲದಿಂದ ಎಡಕ್ಕೆ ಓದುವ ಭಯ ಹೋಗುವುದು ಅದರಿಂದಲೇ. ಆದರೆ ಅದರ ಅರಬ್ಬಿ ಕೋರ್ಸು ಫುಸ್‌ಹಾ ಕಡೆಯದು, ಈಜಿಪ್ಟಿನ ಆಡುಮಾತಿಗೆ ಬೇರೆ ಕೋರ್ಸ್ ಇಲ್ಲ. ‘ನೀರು ಬೇಕು’ ಅನ್ನುವುದನ್ನೇ ತಗೊಳ್ಳಿ. ಫುಸ್‌ಹಾದಲ್ಲಿ ‘ಉರೀದು ಮಾಅನ್’. ಕೈರೋದಲ್ಲಿ ಹೆಂಗಸು ಹೇಳುವುದು ‘ಆಯ್ಜಾ ಮಯ್ಯಾ’, ಗಂಡಸು ‘ಆಯಿಜ್ ಮಯ್ಯಾ’. ‘ಈಗ’ ಅನ್ನುವುದಕ್ಕೆ ಪುಸ್ತಕದ ಮಾತು ‘ಅಲ್‌ಆನ್’, ರಸ್ತೆಯ ಮಾತು ‘ದಿಲ್ವಅತಿ’. ಎಲ್ಲಿಂದೆಲ್ಲಿಗೆ ಸಂಬಂಧ! ನೀವು ಫುಸ್‌ಹಾದಲ್ಲಿ ಕೇಳಿದರೆ ಅವರಿಗೇನೋ ತಿಳಿಯುತ್ತದೆ, ಶಾಲೆಯಲ್ಲಿ ಕಲಿತಿರುತ್ತಾರೆ. ಉತ್ತರ ಮಾತ್ರ ಆಮ್ಮಿಯ್ಯಾದಲ್ಲೇ ಬರುತ್ತದೆ.

ಪ್ರವಾಸಿಗರ ಕಿರುಪುಸ್ತಕವೂ ಒಂದಿತ್ತು, ಈಜಿಪ್ಟ್ ಅರಬ್ಬಿಯದೇ. ಪದಗಳೆಲ್ಲ ಸರಿಯಾದವೇ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಓದಿ ಉಚ್ಚಾರ ಕಲಿಯುವುದು ಆಗದ ಮಾತು. ಹೋಟೆಲ್ ರೂಮಿನಲ್ಲಿ ಕೂತು ತಿರುವಿಹಾಕಲು ಸರಿ, ಅಂಗಡಿಯವರ ಎದುರು ಪುಟ ಹುಡುಕುತ್ತಾ ನಿಲ್ಲಲು ಆಗುತ್ತಾ?

ಆಡಿಯೋ ಪಾಠಗಳು ನನಗೆ ಇದಕ್ಕಿಂತ ಎಷ್ಟೋ ಹಿಡಿಸಿದವು. ಪಿಮ್ಸ್ಲರ್ ಅನ್ನುವ ಆಡಿಯೋ ಪಾಠಮಾಲೆಯಲ್ಲಿ ಈಜಿಪ್ಟ್ ಅರಬ್ಬಿಗೆ ಬೇರೆ ಕೋರ್ಸ್ ಇದೆ. ಪಾಠ ಸುಮಾರು 30 ನಿಮಿಷದ್ದು, ಬರೀ ಕಿವಿ ಮತ್ತು ಬಾಯಿ ಕೆಲಸ. ಈ ಪದ್ಧತಿ ರೂಪಿಸಿದ ಪಾಲ್ ಪಿಮ್ಸ್ಲರ್ 1967ರಲ್ಲಿ ನೆನಪಿನ ಬಗ್ಗೆ ಒಂದು ಲೇಖನ ಬರೆದಿದ್ದರು. ಹೊಸ ಪದವನ್ನು ಮೊದಲು 5 ಸೆಕೆಂಡಿಗೆ, ಆಮೇಲೆ 25 ಸೆಕೆಂಡಿಗೆ, 2 ನಿಮಿಷಕ್ಕೆ, 10 ನಿಮಿಷಕ್ಕೆ, ಹೀಗೆ ಅಂತರ ಹೆಚ್ಚಿಸುತ್ತಾ ಮತ್ತೆ ನೆನಪಿಸಿದರೆ ಅದು ಉಳಿಯುತ್ತದೆ ಅನ್ನುವ ಲೆಕ್ಕ. ಪಾಠಗಳು ನಡೆಯುವುದು ಹಾಗೇ. ಉದ್ದದ ಪದವನ್ನು ಕೊನೆಯಿಂದ ಬಿಡಿಸುತ್ತಾರೆ: ‘ತಿ’, ‘ಅತಿ’, ‘ವಅತಿ’, ‘ದಿಲ್ವಅತಿ’. ಚಪಾತಿ ಲಟ್ಟಿಸುತ್ತಾ ಇದನ್ನು ಜೋರಾಗಿ ಹೇಳುತ್ತಿದ್ದರೆ ಮನೆಯವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ. ಕೊರತೆ ಏನೆಂದರೆ ನಿಧಾನ. ‘ನಿಮಗೆ ಇಂಗ್ಲಿಷ್ ತಿಳಿಯುತ್ತಾ’ ಅನ್ನುವುದರ ಸುತ್ತಲೇ ಬಹಳ ಹೊತ್ತು ಸುತ್ತುತ್ತದೆ. ಸಂತೆಗೆ ಬೇಕಾದ ಮಾತು ಬರುವವರೆಗೆ ತಾಳ್ಮೆ ಬೇಕು. ಮತ್ತೆ, ಆಡಿಯೋದವರ ದನಿ ಸ್ಪಷ್ಟ, ಸಾವಧಾನ. ಕೈರೋದಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ.

ಇನ್ನು ನಮ್ಮ ಮೇಲಿನ ಮನೆಯ ಕಾಕ. ನಾವಿರುವುದು ಮಂಗಳೂರಿನಲ್ಲಿ. ಇಲ್ಲಿ ಯಾವ ಬಿಲ್ಡಿಂಗಿನಲ್ಲಿ ಹುಡುಕಿದರೂ ಗಲ್ಫ್‌ನಲ್ಲಿ ದುಡಿದು ಬಂದವರು ಒಬ್ಬರಾದರೂ ಸಿಗುತ್ತಾರೆ. ಕಾಕ ಸೌದಿಯ ಜುಬೈಲ್‌ನಲ್ಲಿ ವರ್ಷಗಟ್ಟಲೆ ಇದ್ದವರು. ನಾನು ‘ರೇಟ್ ಕೇಳುವುದು ಹೇಗೆ ಕಾಕ’ ಅಂದದ್ದಕ್ಕೆ, ‘ಮೊದಲು ಸಲಾಂ ಹೇಳಿ ಮಾರಾಯ್ರೆ, ರೇಟ್ ಆಮೇಲೆ’ ಅಂದರು. ಇಷ್ಟು ಒಳ್ಳೆಯ ಸಲಹೆ ಬೇರೆ ಎಲ್ಲೂ ಸಿಗಲಿಲ್ಲ. ಬಾಗಿಲಲ್ಲಿ ‘ಸಲಾಮು ಅಲೈಕುಂ’ ಅಂದು ಒಳಗೆ ಹೋದರೆ ಮುಂದಿನ ಮಾತಿನ ದನಿಯೇ ಬದಲಾಗುತ್ತದೆ.

ಆದರೆ ಅವರ ಪದಗಳು ಗಲ್ಫ್‌ನವು. ಅವರ ‘ನೀರು ಬೇಕು’ ಅಂದರೆ ‘ಅಬ್ಘಾ ಮಾಯ್’. ‘ಎಲ್ಲಿ’ ಅನ್ನಲು ಅವರು ‘ವೇನ್’, ಕೈರೋದವರು ‘ಫೇನ್’. ಕುಶಲ ಕೇಳಲು ಗಲ್ಫ್‌ನಲ್ಲಿ ‘ಶ್ಲೋನಕ್’, ಕೈರೋದಲ್ಲಿ ‘ಇಜ್ಜಯ್ಯಕ್’. ಅದರ ಮೇಲೆ, ಅವರ ಅರ್ಧ ಮಾತು ಕೆಲಸಗಾರರ ಕಲಬೆರಕೆ ಅರಬ್ಬಿ, ‘ಮಾಫಿ ಮಾಲೂಮ್’ (ಗೊತ್ತಿಲ್ಲ) ಥರದ್ದು. ಹಾಗಾಗಿ ಪದಕ್ಕೆ ಕಾಕನ ಹತ್ತಿರ ಹೋಗಬೇಡಿ ಅನ್ನುತ್ತೇನೆ. ಉಚ್ಚಾರಕ್ಕೆ ಹೋಗಿ. ಚಿಕ್ಕಂದಿನಿಂದ ಮದ್ರಸಾದಲ್ಲಿ ಕುರಾನ್ ಓದಿದ ನಾಲಿಗೆ. ಎರಡು ಥರದ ‘ಹ’ ಬೇರೆ ಬೇರೆ ಮಾಡಿ ತೋರಿಸಿದರು. ಒಂದು ನಮ್ಮದೇ ‘ಹ’, ಇನ್ನೊಂದು ಗಂಟಲಿನ ಆಳದಿಂದ ಉಸಿರು ಉಜ್ಜಿಕೊಂಡು ಬರುವುದು. ‘ಅಯ್ನ್’ ಅನ್ನುವ ಅಕ್ಷರಕ್ಕೆ ಗಂಟಲ ಮೇಲೆ ಬೆರಳಿಟ್ಟು, ಒಳಗೆ ಬಿಗಿಯುವುದನ್ನು ಮುಟ್ಟಿ ನೋಡಿ ಅಂದರು. ಇದನ್ನು ಯಾವ ಆ್ಯಪ್ ಹೇಳಿಕೊಡುತ್ತದೆ? ಖರ್ಚು ಒಂದು ಡಬ್ಬಿ ಕೋಡುಬಳೆ.

ಆನ್‌ಲೈನ್ ಟೀಚರ್‌ಗೆ ಮಾತ್ರ ದುಡ್ಡು ಬಿಚ್ಚಬೇಕು. ನನಗೆ ಸಿಕ್ಕವಳು ಕೈರೋದ ಕಾಲೇಜು ಹುಡುಗಿ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ 3.30 ಗಂಟೆ ಹಿಂದೆ. ಅವಳ ಸಂಜೆ 6 ಅಂದರೆ ನಮಗೆ ರಾತ್ರಿ 9.30, ಪಾತ್ರೆ ತೊಳೆದಿಟ್ಟು ಕೂರಲು ಸರಿಯಾದ ಹೊತ್ತು. ವ್ಯಾಕರಣ ಬೇಡ, ನೀನು ಅಂಗಡಿಯವಳು, ನಾನು ಗಿರಾಕಿ, ಅಷ್ಟೇ ಆಡೋಣ ಅಂತ ಮೊದಲೇ ಹೇಳಿಬಿಟ್ಟೆ. ವಾಟ್ಸ್ಯಾಪಿನಲ್ಲಿ ಅವಳು ಬರೆಯುತ್ತಿದ್ದ ಅರಬ್ಬಿಯೇ ಒಂದು ಮಜಾ. ಇಂಗ್ಲಿಷ್ ಅಕ್ಷರಗಳ ನಡುವೆ 3, 7 ಅಂತ ಅಂಕಿ. ‘ಅಯ್ನ್’ಗೆ 3, ಗಂಟಲಿನ ‘ಹ’ಕ್ಕೆ 7. ಅಲ್ಲಿನ ಹುಡುಗರೆಲ್ಲ ಹೀಗೇ ಮೆಸೇಜ್ ಮಾಡುವುದಂತೆ, ‘ಫ್ರಾಂಕೋ’ ಅನ್ನುತ್ತಾರೆ. ನಾನು ಕನ್ನಡದಲ್ಲಿ ಬರೆದುಕೊಳ್ಳುವಾಗಲೂ ಅದೇ 3, 7 ಸೇರಿಸಿದೆ. ಆ ಕಿರುಪುಸ್ತಕದ ಬರಹಕ್ಕಿಂತ ಇದು ಎಷ್ಟೋ ವಾಸಿ.

ಇನ್ನೊಂದು ಸಂಗತಿ ಅವಳ ಜೊತೆ ಮಾತಾಡುವಾಗಲೇ ಹೊಳೆದದ್ದು. ಕೈರೋದ ಅರಬ್ಬಿಯಲ್ಲಿ ಪ್ರಶ್ನೆಯ ಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ದಾ ಬಿಕಾಮ್?’ ಅಂದರೆ ‘ಇದು ಎಷ್ಟು?’ ‘ಇಲ್ ಹಮ್ಮಾಮ್ ಫೇನ್?’ ಅಂದರೆ ‘ಬಾತ್‌ರೂಮ್ ಎಲ್ಲಿ?’ ನಮ್ಮ ಜೋಡಣೆಯೇ ಅಲ್ವಾ? ಇಂಗ್ಲಿಷ್ ಮೂಲಕ ಕಲಿಯುವವರು ಎಲ್ಲವನ್ನೂ ತಿರುಗಿಸಿ ಕೂರಿಸಬೇಕು, ನಾವು ಕನ್ನಡದಿಂದ ನೇರವಾಗಿ ಹೋಗಬಹುದು.

ಸಂಖ್ಯೆಗೆ ಬಂದರೆ ಮಾತ್ರ ತಿರುಗಾಮುರುಗಾ. ನಾವು ಎಪ್ಪತ್ತೈದು ಅನ್ನುತ್ತೇವೆ, ಅವರು ‘ಖಮ್ಸಾ ವೆ ಸಬಯೀನ್’, ಐದು ಮತ್ತು ಎಪ್ಪತ್ತು. ನೂರಾ ಎಪ್ಪತ್ತೈದು ಅಂದರೆ ‘ಮಿಯ್ಯಾ ಖಮ್ಸಾ ವೆ ಸಬಯೀನ್’. ನೂರು, ಐದು, ಆಮೇಲೆ ಎಪ್ಪತ್ತು. ಹದಿನೈದು ‘ಖಮಸ್ತಾಶರ್’, ಐವತ್ತು ‘ಖಮ್ಸೀನ್’. ಹುಡುಗಿ ಬಡಬಡ ಅಂತ ಬೆಲೆ ಹೇಳುವುದು, ನಾನು ಅಂಕಿ ಟೈಪ್ ಮಾಡುವುದು. ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ. ಚೌಕಾಸಿ ನಡೆಯುವುದೇ ಸಂಖ್ಯೆಯ ಮೇಲೆ.

ಬರೆಯುವ ಅಂಕಿಯೂ ಬೇರೆ. ಅವರ 5 ನಮ್ಮ ಕನ್ನಡದ ಸೊನ್ನೆಯ ಹಾಗೇ ದುಂಡಗೆ, ಅವರ ಸೊನ್ನೆ ಬರೀ ಒಂದು ಚುಕ್ಕೆ. ಕನ್ನಡ ಅಂಕಿಯ ಬಸ್ ಬೋರ್ಡ್ ಓದಿ ಅಭ್ಯಾಸವಾದವರಿಗೆ ಹಣ್ಣಿನ ಗಾಡಿಯ ಬೆಲೆಚೀಟಿ ಮಜವಾಗಿ ಮೋಸ ಮಾಡುತ್ತದೆ. ನೋಟಿನ ಚಿಂತೆ ಬೇಡ. ಒಂದು ಬದಿ ಅರಬ್ಬಿ, ಇನ್ನೊಂದು ಬದಿ ಇಂಗ್ಲಿಷ್.

ಹೋದ ಮೇಲೆ ಯಾವುದು ಎಲ್ಲಿ ಉಪಯೋಗಕ್ಕೆ ಬಂತು? ಖಾನ್ ಎಲ್ ಖಲೀಲಿ ಬಜಾರಿನಲ್ಲಿ ಟೀಚರ್ ಜೊತೆಗಿನ ಆಟ. ಹಿತ್ತಾಳೆ ದೀಪವೊಂದಕ್ಕೆ ಅಂಗಡಿಯವರು ಬೆಲೆ ಹೇಳಿದರು, ನಾನು ‘ಗಾಲಿ ಅವೀ’ (ತುಂಬಾ ಜಾಸ್ತಿ ಆಯ್ತು) ಅಂದೆ. ಅವರು ಇಳಿಸಿದ ಸಂಖ್ಯೆ ನನ್ನ ಕಿವಿಗೆ ಸರಿಯಾಗಿ ಬಿತ್ತು. ಟ್ಯಾಕ್ಸಿಯಲ್ಲಿ ‘ಅಲಾ ಗಂಬ್, ಯಾ ಉಸ್ತಾ’. ಪಕ್ಕಕ್ಕೆ ನಿಲ್ಸಿ ಅಣ್ಣಾ ಅಂದ ಹಾಗೆ. ‘ಉಸ್ತಾ’ ಅಂದರೆ ಡ್ರೈವರ್, ಮೆಕ್ಯಾನಿಕ್‌ಗಳನ್ನು ಮರ್ಯಾದೆಯಿಂದ ಕರೆಯುವ ಮಾತು, ಇದನ್ನೂ ಹೇಳಿಕೊಟ್ಟದ್ದು ಅವಳೇ. ಕಾಫಿಗೆ ಕೂತರೆ ಸಕ್ಕರೆ ಎಷ್ಟು ಅಂತ ಕೇಳುತ್ತಾರೆ: ‘ಸಾದಾ’ ಅಂದರೆ ಸಕ್ಕರೆ ಇಲ್ಲದ್ದು, ‘ಮಜ್ಬೂತ್’ ಹದವಾದದ್ದು, ‘ಜಿಯಾದಾ’ ಸಿಹಿ ಜಾಸ್ತಿ. ಮೊದಲೇ ಹೇಳಬೇಕು, ಏಕೆಂದರೆ ಸಕ್ಕರೆ ಹಾಕಿಯೇ ಕುದಿಸುತ್ತಾರೆ. ಬೆನ್ನು ಹತ್ತುವ ಮಾರಾಟಗಾರರಿಗೆ ‘ಲಾ, ಶುಕ್ರನ್’ ಸಾಕು, ಅದಕ್ಕೆ ಯಾವ ಕೋರ್ಸೂ ಬೇಡ.

ಫೋನಿನ ಅನುವಾದದ ಆ್ಯಪ್ ಮೆನು, ಬೋರ್ಡ್‌ಗಳ ಮೇಲೆ ಕ್ಯಾಮೆರಾ ಹಿಡಿಯಲು ಒಳ್ಳೆಯದು. ಮಾತುಕತೆಗೆ ಬೇಡ. ಅದು ಫುಸ್‌ಹಾದಲ್ಲಿ ಭಾಷಣ ಮಾಡುತ್ತದೆ, ಎದುರಿನವರು ನಗುತ್ತಾರೆ.

ಸಮಯ ಕಡಿಮೆ ಇದ್ದರೆ ಟೀಚರ್ ಒಂದೇ ಸಾಕು, ದುಡ್ಡು ಕಡಿಮೆ ಇದ್ದರೆ ಆಡಿಯೋ. ಎರಡೂ ಇದ್ದರೆ ಆಡಿಯೋ ಮೊದಲು, ಟೀಚರ್ ಆಮೇಲೆ. ಜೋರ್ಡಾನ್, ಲೆಬನಾನ್ ಕಡೆ ಹೋಗುವವರು ಲೆವಂಟ್ ಭಾಗದ ಅರಬ್ಬಿಯನ್ನು ಹುಡುಕಿ. ಆದರೂ ಈಜಿಪ್ಟಿನ ಮಾತು ಅಲ್ಲಿ ಅರ್ಥವಾಗುತ್ತದೆ, ಕೈರೋದ ಸಿನಿಮಾ, ಧಾರಾವಾಹಿಗಳನ್ನು ಅವರೆಲ್ಲ ನೋಡಿ ಬೆಳೆದವರು. ಮೊರಾಕ್ಕೊಗಾದರೆ ಇದ್ಯಾವುದೂ ಸಾಲದು. ಅಲ್ಲಿನ ಆಡುಮಾತು ದಾರಿಜಾ ಬೇರೆಯೇ ಲೋಕ, ಅದಕ್ಕೆ ಅಲ್ಲಿಯವರೇ ಟೀಚರ್ ಬೇಕು.